ಬಣ್ಣದ ಬಯಕೆ, ಚರ್ಮದ ನೋಟೀಸು

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹೈದರಾಬಾದು ನಗರದ ಯಾವ ಹಾದಿಯಲ್ಲಿ ನಿಂತು ನೋಡಿದರೂ ಒಂದು ದೃಶ್ಯ ತಪ್ಪದೆ ಕಣ್ಣಿಗೆ ಬೀಳುತ್ತದೆ. ಸ್ಕೂಟರಿನ ಮೇಲೆ ಹೋಗುವ ಹೆಣ್ಣುಮಕ್ಕಳು ದುಪಟ್ಟಾವನ್ನು ತಲೆ, ಕಿವಿ, ಮೂಗು, ಗಲ್ಲಗಳೆಲ್ಲ ಮುಚ್ಚುವಂತೆ ಸುತ್ತಿಕೊಂಡು, ಕಪ್ಪು ಕನ್ನಡಕ ಧರಿಸಿ, ಮೊಳಕೈವರೆಗೆ ಕೈಗವಸು ತೊಟ್ಟು ಸಾಗುತ್ತಾರೆ. ಧೂಳಿನಿಂದ ರಕ್ಷಣೆಯೆಂಬುದು ಅದಕ್ಕೆ ಹೇಳುವ ಕಾರಣ. ಮೈ ಕಪ್ಪಾದೀತೆಂಬ ಅಂಜಿಕೆ ಹೇಳದೆ ಉಳಿಯುವ ಕಾರಣ. ಅದೇ ತಿಂಗಳಿನಲ್ಲಿ ಅಮೆರಿಕದಲ್ಲಿಯೋ ಯೂರೋಪಿನಲ್ಲಿಯೋ ಅದೇ ವಯಸ್ಸಿನ ಹೆಣ್ಣುಮಗಳೊಬ್ಬಳು ಹಣ ಕೊಟ್ಟು, ಒಳಗೆಲ್ಲ ದೀಪಗಳನ್ನು ಸಾಲಾಗಿ ಜೋಡಿಸಿದ ಸಂದೂಕದಂತಹ ಯಂತ್ರದಲ್ಲಿ ಮಲಗಿ, ತನ್ನ ಬಿಳಿಯ ಮೈಯನ್ನು ಕಂದು ಮಾಡಿಕೊಳ್ಳುತ್ತಿರುತ್ತಾಳೆ. ಇವಳು ಕಳೆದುಕೊಳ್ಳಲು ಹಂಬಲಿಸುವುದನ್ನು ಅವಳು ಬೆಲೆ ತೆತ್ತು ಕೊಳ್ಳುತ್ತಾಳೆ. ಒಂದೇ ಸರಕನ್ನು ಒಂದೂರಿನಲ್ಲಿ ಲಾಭವೆಂದೂ ಇನ್ನೊಂದೂರಿನಲ್ಲಿ ನಷ್ಟವೆಂದೂ ಲೆಕ್ಕ ಬರೆಸಿ, ಎರಡೂ ಕಡೆ ಹಣ ಎಣಿಸಿಕೊಳ್ಳುವ ವ್ಯಾಪಾರ ಇದಕ್ಕಿಂತ ಚೆನ್ನಾಗಿ ಬೇರೆಲ್ಲಿಯೂ ನಡೆದಿರಲಾರದು.

ಈ ವಿಚಾರ ಹೈದರಾಬಾದಿನ ಕನ್ನಡಿಗರಿಗೆ ದೂರದ್ದಲ್ಲ. ಕಾಚಿಗುಡ, ಬರ್ಕತ್‌ಪುರಗಳ ಹಳೆಯ ಮನೆತನಗಳಲ್ಲಿ ಹುಟ್ಟಿದ ಮಕ್ಕಳು ಇಂದು ಓದಿಗಾಗಿ ಕಡಲಾಚೆ ಹೋಗುತ್ತಿದ್ದಾರೆ. ಅಂತಹ ಹುಡುಗಿಯೊಬ್ಬಳು ಅಲ್ಲಿ ಕೆಂಗೂದಲಿನ, ಹಾಲಿನಂತಹ ಮೈಯ ಸಹಪಾಠಿಯೊಡನೆ ಒಂದೇ ಕೊಠಡಿಯಲ್ಲಿ ವಾಸಿಸುತ್ತಿದ್ದಾಳೆಂದು ಇಟ್ಟುಕೊಳ್ಳೋಣ. ಆ ಸಹಪಾಠಿ ಮೊದಲ ಬಾರಿಗೆ ದೀಪದ ಯಂತ್ರದಲ್ಲಿ ಮಲಗಿ ಬಂದಿದ್ದಾಳೆ. ರಾತ್ರಿಯ ಹೊತ್ತಿಗೆ ಅವಳ ಬೆನ್ನು ಕೆಂಪೇರಿ, ಉರಿ ಮತ್ತು ತುರಿಕೆ ತಾಳಲಾರದಷ್ಟಾಗಿದೆ. ಮುಂದಿನ ಸಲ ನಿಮಿಷಗಳನ್ನು ಕಡಿಮೆ ಮಾಡಿದರೆ ಸರಿಹೋದೀತೇ ಎಂದು ಅವಳು ಕೇಳುತ್ತಾಳೆ. ಹೈದರಾಬಾದಿನ ಹುಡುಗಿಗೆ ಆ ಪ್ರಶ್ನೆ ಹೊಸದೇನಲ್ಲ. ಊರಿನಲ್ಲಿದ್ದಾಗ ಮುಖಕ್ಕೆ ಹಚ್ಚಿಕೊಂಡ ಒಂದು ಮುಲಾಮು ಉರಿ ತಂದಾಗ ಅವಳೂ ಔಷಧದಂಗಡಿಯವನಲ್ಲಿ ಇದನ್ನೇ ಕೇಳಿದ್ದಳು.

ಸಹಪಾಠಿಗೆ ಕೊಡಬೇಕಾದ ಉತ್ತರವನ್ನು ಮೊದಲು ನೋಡಬಹುದು. ಮನುಷ್ಯರೆಲ್ಲರ ಚರ್ಮದಲ್ಲಿಯೂ ಬಣ್ಣ ತಯಾರಿಸುವ ಜೀವಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ ಎಂಬ ವರ್ಣದ್ರವ್ಯದ ಪ್ರಮಾಣ ಮತ್ತು ಜಾತಿಯಲ್ಲಿ ಮಾತ್ರ ವ್ಯತ್ಯಾಸ. ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮದ ಕೋಶಗಳ ಒಳಗಿರುವ ವಂಶದ್ರವ್ಯವನ್ನು ಗಾಸಿಗೊಳಿಸಿದಾಗ, ಮುಂದಿನ ಪೆಟ್ಟನ್ನು ತಡೆಯಲೆಂದು ದೇಹ ಮೆಲನಿನ್ನಿನ ಕೊಡೆ ಹಿಡಿಯುತ್ತದೆ. ಮೈ ಕಂದುವುದೆಂದರೆ ಇದೇ. ಅದು ಆರೋಗ್ಯದ ಕಳೆಯಲ್ಲ, ಪೆಟ್ಟು ಬಿದ್ದಿದೆಯೆಂಬುದಕ್ಕೆ ರಸೀತಿ. 1975ರಲ್ಲಿ ಅಮೆರಿಕದ ಚರ್ಮವೈದ್ಯ ಫಿಟ್ಸ್‌ಪ್ಯಾಟ್ರಿಕ್ ಚರ್ಮವನ್ನು ಬಿಸಿಲಿಗೆ ಅದು ತೋರುವ ಪ್ರತಿಕ್ರಿಯೆಗೆ ಅನುಸಾರವಾಗಿ ವಿಂಗಡಿಸುವ ಕ್ರಮವೊಂದನ್ನು ರೂಪಿಸಿದನು. ಅದರ ಮೊದಲನೆಯ ವರ್ಗದ ಚರ್ಮ ಸದಾ ಸುಡುತ್ತದೆ, ಎಂದೂ ಕಂದುವುದಿಲ್ಲ. ಕೆಂಗೂದಲಿನ ಸಹಪಾಠಿ ಬಹುಶಃ ಆ ವರ್ಗದವಳು. ಅವಳ ಚರ್ಮದಲ್ಲಿ ಹಿಡಿಯಲು ಕೊಡೆಯೇ ಇಲ್ಲ. ನಿಮಿಷಗಳನ್ನು ಎಷ್ಟೇ ಕಡಿಮೆ ಮಾಡಿದರೂ ಅವಳಿಗೆ ದೊರೆಯುವುದು ಬಣ್ಣವಲ್ಲ, ಬರಿಯ ಗಾಸಿ.

ಯಂತ್ರದೊಳಗೆ ಮಲಗಿದ್ದಾಗ ಏನೂ ಆಗದಿರುವುದೇ ಹೊಸಬರನ್ನು ಮೋಸಗೊಳಿಸುತ್ತದೆ. ಸುಟ್ಟ ಕೆಂಪು ಕೆಲವು ಗಂಟೆಗಳ ತರುವಾಯ ಮೂಡಿ, 12ರಿಂದ 24 ಗಂಟೆಗಳಲ್ಲಿ ತನ್ನ ಶಿಖರವನ್ನು ಮುಟ್ಟುತ್ತದೆ. ಅಷ್ಟರಲ್ಲಿ ಹಣ ಸಂದಾಯವಾಗಿ, ಮುಂದಿನ ಸರದಿಯೂ ಗೊತ್ತಾಗಿರುತ್ತದೆ. ಮೊಡವೆಗೆಂದು ಡಾಕ್ಸಿಸೈಕ್ಲಿನ್ ಗುಳಿಗೆ ನುಂಗುತ್ತಿರುವವರಿಗೆ, ಟ್ರೆಟಿನಾಯಿನ್ ಹಚ್ಚಿಕೊಳ್ಳುತ್ತಿರುವವರಿಗೆ ಈ ಉರಿ ಇನ್ನೂ ಬೇಗ, ಇನ್ನೂ ಬಲವಾಗಿ ತಗಲುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2014ರಲ್ಲಿ ಈ ದೀಪಗಳ ಮೇಲೆ ಎಚ್ಚರಿಕೆಯ ಬರಹವನ್ನು ಕಡ್ಡಾಯಗೊಳಿಸಿತು. 18 ವರ್ಷದೊಳಗಿನವರು ಬಳಸಕೂಡದು. ಚರ್ಮದಲ್ಲಿ ಗಾಯ ಅಥವಾ ವಿಕಾರವಿದ್ದವರು ಬಳಸಕೂಡದು ಎಂಬುದು ಅದರ ಸಾರ. ಅದಕ್ಕೂ ಮುಂಚೆ, 2009ರಲ್ಲಿಯೇ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಈ ಯಂತ್ರಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲನೆಯ ಗುಂಪಿಗೆ ಸೇರಿಸಿತ್ತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಬ್ರೆಜಿಲ್ ಅದೇ ವರ್ಷ ಇವನ್ನು ನಿಷೇಧಿಸಿತು. ಬಿಳಿಯ ಮೈಯ ಜನರೇ ಹೆಚ್ಚಾಗಿರುವ ಆಸ್ಟ್ರೇಲಿಯದ ಬಹುತೇಕ ರಾಜ್ಯಗಳು 2015ರ ವೇಳೆಗೆ ಈ ಅಂಗಡಿಗಳನ್ನು ಮುಚ್ಚಿಸಿದವು.

ಮೊದಲು ಸ್ವಲ್ಪ ಕಂದಿಕೊಂಡರೆ ಮುಂದೆ ಬಿಸಿಲು ತಾಕದೆಂಬ ವಾದವೂ ಪ್ರಚಾರದಲ್ಲಿದೆ. ಆ ಕಂದು ಒದಗಿಸುವ ರಕ್ಷಣೆ ಸಾಮಾನ್ಯ ಬಿಸಿಲುತಡೆ ಮುಲಾಮಿನ 3 ಅಥವಾ 4ನೆಯ ಮಟ್ಟದ್ದು. ವೈದ್ಯರು ಹೇಳುವುದು ಕನಿಷ್ಠ 30. ನೂರು ರೂಪಾಯಿ ಸಾಲಕ್ಕೆ ಮೂರು ರೂಪಾಯಿ ಅಡಮಾನ ಇಟ್ಟಂತಾಯಿತು. ಡಿ ಜೀವಸತ್ವ ದೊರೆಯುತ್ತದೆಂಬ ಮಾತೂ ಹಾಗೆಯೇ. ಚರ್ಮದಲ್ಲಿ ಆ ಜೀವಸತ್ವ ತಯಾರಾಗಲು ಬೇಕಾದದ್ದು ಅತಿನೇರಳೆಯ ‘ಬಿ’ ಕಿರಣ, ಈ ದೀಪಗಳು ಬಹುಮಟ್ಟಿಗೆ ಸೂಸುವುದು ‘ಎ’ ಕಿರಣ. ಸಹಪಾಠಿಗೆ ಕಂದು ಬಣ್ಣ ಬೇಕೇ ಬೇಕೆಂದಾದರೆ, ಚರ್ಮದ ಹೊರಪದರಕ್ಕೆ ಮಾತ್ರ ಬಣ್ಣ ಹಿಡಿಸುವ ಲೇಪಗಳಿವೆ. ವಾರದೊಳಗೆ ಸತ್ತ ಪದರದೊಡನೆ ಅದು ಉದುರಿಹೋಗುತ್ತದೆ. ಅದನ್ನೂ ಈಗಿನ ಉರಿ ಪೂರ್ತಿಯಾಗಿ ಶಮನವಾದ ಮೇಲೆ, ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಿಯೇ ಬಳಸಬೇಕು.

ಹಾಗಾದರೆ ಚರ್ಮವೈದ್ಯರ ಬಳಿ ಇರುವ ದೀಪದ ಪೆಟ್ಟಿಗೆಗಳು ಏನು ಎಂದು ಯಾರಾದರೂ ಕೇಳಬಹುದು. ತೊನ್ನು, ಸೋರಿಯಾಸಿಸ್ ಮುಂತಾದ ವ್ಯಾಧಿಗಳಿಗೆ ಅತಿನೇರಳೆ ಕಿರಣದ ಚಿಕಿತ್ಸೆ ಉಂಟು. ಬಾವಂಚಿಯ ಬೀಜವನ್ನು ಕೊಟ್ಟು ರೋಗಿಯನ್ನು ಬಿಸಿಲಿಗೆ ಒಡ್ಡುವ ಕ್ರಮ ಆಯುರ್ವೇದದಲ್ಲಿ ಹಿಂದಿನಿಂದಲೂ ಇತ್ತು. ಆ ಬೀಜದಲ್ಲಿರುವ ಸೋರಾಲೆನ್ ಎಂಬ ದ್ರವ್ಯವೇ ಚರ್ಮವನ್ನು ಬೆಳಕಿಗೆ ಎಚ್ಚರಗೊಳಿಸುವುದೆಂದು ಅನಂತರದ ವಿಜ್ಞಾನ ಕಂಡುಕೊಂಡಿತು. ಅಲ್ಲಿ ಕಿರಣದ ಮೋತಾದು ಅಳೆದಿರುತ್ತದೆ, ರೋಗಿಯ ಹೆಸರಿನಲ್ಲಿ ಕಡತವಿರುತ್ತದೆ, ಚರ್ಮ ಕೆಂಪಾದರೆ ಚಿಕಿತ್ಸೆಯನ್ನು ತಡೆಹಿಡಿಯುವ ವೈದ್ಯರು ಎದುರಿಗಿರುತ್ತಾರೆ. ವ್ಯಾಧಿಗೆ ಮದ್ದಾದದ್ದು ಆರೋಗ್ಯವಂತನಿಗೆ ಶೃಂಗಾರವಾಗಬೇಕೆಂದಿಲ್ಲ.

ಇನ್ನು ಹೈದರಾಬಾದಿನ ಹುಡುಗಿಯ ಸಂಗತಿ. ಇದನ್ನು ಕುರಿತು ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ತಪ್ಪು ನಡೆಯುವುದು ಮನೆಯೊಳಗೆ. “ಮಾರಿಗಿ ಏನಾರ ಹಚ್ಕೋ ಅವ್ವಾ, ಗಂಡಿನ ಕಡಿಯವರು ಬರ್ತಾರ” ಎಂದು ಅಕ್ಕರೆಯಿಂದಲೇ ಸೋದರತ್ತೆ ಒಂದು ಟ್ಯೂಬನ್ನು ಕೈಗಿಡುತ್ತಾಳೆ. ಅದನ್ನು ಆಕೆಗೆ ಹೇಳಿದವಳು ನೆರೆಮನೆಯವಳು. ನೆರೆಮನೆಯವಳಿಗೆ ಹೇಳಿದವನು ಔಷಧದಂಗಡಿಯವನು. ವಾರದೊಳಗೆ ಮುಖ ನಿಜವಾಗಿಯೂ ಬೆಳ್ಳಗಾಗುತ್ತದೆ, ಮೊಡವೆಗಳು ಅಡಗುತ್ತವೆ, ಮನೆಯವರೆಲ್ಲ ಸಂತೋಷಪಡುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಮಾತು ಆಗ ಯಾರಿಗೂ ನೆನಪಾಗದು. ಆ ಟ್ಯೂಬಿನಲ್ಲಿರುವುದು ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್ ಮೊದಲಾದ ಸ್ಟಿರಾಯಿಡ್ಡುಗಳಲ್ಲಿ ಒಂದು. ರಕ್ತನಾಳಗಳನ್ನು ಕುಗ್ಗಿಸಿ ಚರ್ಮವನ್ನು ಬಿಳಿಚಿಕೊಳ್ಳುವಂತೆ ಮಾಡುವುದು ಅದರ ಸ್ವಭಾವ. ತಿಂಗಳುಗಟ್ಟಲೆ ಹಚ್ಚಿದಲ್ಲಿ ಚರ್ಮ ತೆಳುವಾಗಿ ನರಗಳು ಎದ್ದು ಕಾಣುತ್ತವೆ, ಗಲ್ಲದ ಮೇಲೆ ಕೂದಲು ಮೂಡುತ್ತದೆ, ಬಿಸಿಲಿಗೆ ಕಾಲಿಟ್ಟರೆ ಮುಖ ಕೆಂಡವಾಗುತ್ತದೆ. ಹಚ್ಚುವುದನ್ನು ನಿಲ್ಲಿಸಿದರೆ ಉರಿ ಇಮ್ಮಡಿಸುತ್ತದೆ. ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. ಹಳೆಯ ಸಾಲ ತೀರಿಸಲು ಹೊಸ ಸಾಲ ಎತ್ತುವವರ ಖಾತೆ ಮೇಲ್ನೋಟಕ್ಕೆ ಬಹುಕಾಲ ಸುಸ್ಥಿತಿಯಲ್ಲಿಯೇ ಇರುತ್ತದೆಂಬುದನ್ನು ಬ್ಯಾಂಕಿನಲ್ಲಿ ಕೆಲಸ ಮಾಡಿದವರೆಲ್ಲ ಬಲ್ಲರು. ಈ ಮುಖಗಳ ಕಾಂತಿ ಅಂತಹುದು.

2011ರಲ್ಲಿ ದೇಶದ 12 ಚರ್ಮರೋಗ ಕೇಂದ್ರಗಳ ವೈದ್ಯರು ಸೇರಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮುಖದ ಚರ್ಮದ ತೊಂದರೆಯಿಂದ ಬಂದ 2926 ರೋಗಿಗಳ ಪೈಕಿ 433 ಮಂದಿ ಸ್ಟಿರಾಯಿಡ್ ಹಚ್ಚಿಕೊಳ್ಳುತ್ತಿದ್ದುದು ಕಂಡುಬಂದಿತು. ಅಂದರೆ ಏಳು ಜನರಲ್ಲಿ ಒಬ್ಬರಂತೆ. 2018ರ ಮಾರ್ಚಿಯಲ್ಲಿ ಕೇಂದ್ರ ಸರಕಾರವು ಇಂತಹ 14 ಸ್ಟಿರಾಯಿಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ‘ಎಚ್’ ಪಟ್ಟಿಗೆ ಸೇರಿಸಿತು. ಕಾನೂನು ಬಂದಿತೆಂದು ಕೈಕಟ್ಟಿ ಕೂರುವಂತಿಲ್ಲ. ಕೊಳ್ಳುವವರು ಚೀಟಿಯಿಲ್ಲದೆ ಕೇಳುವವರೆಗೆ ಕೊಡುವವರೂ ಇರುತ್ತಾರೆ. ಹೆಸರಿಲ್ಲದ, ವಿಳಾಸವಿಲ್ಲದ ಡಬ್ಬಿಗಳಲ್ಲಿ ಬರುವ ಲೇಪಗಳದು ಇನ್ನೂ ಭಯಂಕರ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರಿಂದ 2023ರವರೆಗೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಗೆ ಗುರಿಯಾದ 22 ಮಂದಿಯನ್ನು ವೈದ್ಯರು ಪರೀಕ್ಷಿಸಿದಾಗ, ಅವರಲ್ಲಿ 13 ಜನ ಮೈಬಣ್ಣ ತಿಳಿಗೊಳಿಸುವ ಲೇಪಗಳನ್ನು ಬಳಸಿದವರಾಗಿದ್ದರು. ಅಂತಹ ಲೇಪಗಳಲ್ಲಿ ಬೆರೆಸಿರುವ ಪಾದರಸ ಚರ್ಮದ ಮೂಲಕ ಇಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ.

ಮನೆಮದ್ದುಗಳೂ ನಿರಪಾಯವೆಂದು ತಿಳಿಯಬಾರದು. ಬಿಸಿಲಿಗೆ ಕಪ್ಪಾದ ಮುಖಕ್ಕೆ ನಿಂಬೆರಸ ತಿಕ್ಕುವುದು ಕನ್ನಡದ ಅಡುಗೆಮನೆಗಳಲ್ಲಿ ರೂಢಿ. ನಿಂಬೆಯ ಜಾತಿಯ ಹಣ್ಣುಗಳಲ್ಲಿಯೂ ಬಾವಂಚಿಯಲ್ಲಿರುವ ಸೋರಾಲೆನ್ ಪಂಗಡದ ದ್ರವ್ಯಗಳೇ ಇವೆ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದಲ್ಲಿ ಬೊಬ್ಬೆಯೆದ್ದು, ತರುವಾಯ ತಿಂಗಳುಗಟ್ಟಲೆ ಅಳಿಯದ ಕಪ್ಪು ಕಲೆ ಉಳಿಯುತ್ತದೆ. ಕಪ್ಪನ್ನು ಕಳೆಯಲು ಹೋಗಿ ಕಪ್ಪನ್ನು ಕೊಂಡು ತಂದಂತೆ!

ಹುಡುಗಿಗೂ ಸಹಪಾಠಿಗೂ ಸಲಹೆ ಒಂದೇ. ಉರಿ, ತುರಿಕೆ, ಕೆಂಪು ಇವು ಚರ್ಮ ಕಳುಹಿಸುವ ನೋಟೀಸು. ನೋಟೀಸನ್ನು ಓದದೆ ಮಡಿಸಿಟ್ಟರೆ ಜಪ್ತಿ ತಪ್ಪುವುದಿಲ್ಲ. ಹಚ್ಚುವುದನ್ನೂ ದೀಪಕ್ಕೆ ಒಡ್ಡುವುದನ್ನೂ ನಿಲ್ಲಿಸಬೇಕು. ಬಹುಕಾಲ ಸ್ಟಿರಾಯಿಡ್ ಹಚ್ಚಿದವರಂತೂ ತಮ್ಮಷ್ಟಕ್ಕೆ ಮತ್ತೊಂದು ಲೇಪವನ್ನು ಹುಡುಕದೆ, ಬಳಸಿದ ಟ್ಯೂಬನ್ನೂ ಕೈಯಲ್ಲಿ ಹಿಡಿದುಕೊಂಡೇ ಚರ್ಮವೈದ್ಯರನ್ನು ಕಾಣಬೇಕು. ಅದನ್ನು ಬಿಡಿಸುವುದಕ್ಕೂ ಒಂದು ಕ್ರಮವಿದೆ. ನಗರದ ಉಸ್ಮಾನಿಯಾ, ಗಾಂಧಿ ಸರಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಖರ್ಚಿನ ನೆಪ ಹೇಳುವಂತಿಲ್ಲ. ಬಿಸಿಲಿಗೆ ಕೊಡೆ, ತುಂಬುತೋಳಿನ ಬಟ್ಟೆ, ನೆರಳು ಇವೇ ಹಳೆಯ ಮತ್ತು ಅಗ್ಗದ ಉಪಾಯಗಳು. ಆ ದೃಷ್ಟಿಯಿಂದ ಸ್ಕೂಟರಿನ ಹುಡುಗಿಯ ದುಪಟ್ಟಾ ಬಹಳ ಒಳ್ಳೆಯದು, ಅದರ ಹಿಂದಿರುವ ಅಂಜಿಕೆ ಮಾತ್ರ ಒಳ್ಳೆಯದಲ್ಲ.

ಅಂಜಿಕೆ ಎಲ್ಲಿಂದ ಬಂತು? 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಪೇಟೆಗೆ ಬಂದುದರಿಂದ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. 2020ರಲ್ಲಿ ಆ ಕಂಪನಿ ಹೆಸರಿನಿಂದ ‘ಫೇರ್’ ಎಂಬ ಮಾತನ್ನು ತೆಗೆದು ‘ಗ್ಲೋ’ ಎಂದು ಮಾಡಿತು; ಮನೆಗಳಲ್ಲಿ ಆಡುವ ಮಾತು ಮಾತ್ರ ಬದಲಾಗಲಿಲ್ಲ. ಅಂಗಡಿ ಮಾರಿದ್ದು ಮನೆಯಲ್ಲಿ ಮೊದಲೇ ಇದ್ದ ಬಯಕೆಯನ್ನು. ಈ ಬಯಕೆಗೆ ಬುಡವಿಲ್ಲವೆಂದು ತಿಳಿಯಲು ಹೈದರಾಬಾದಿನವರು ದೂರ ಹೋಗಬೇಕಾಗಿಲ್ಲ. ಹಬ್ಸಿಗುಡದ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳು ಪಾಲ್ಗೊಂಡು 2013ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದರ ಪ್ರಕಾರ, ಮೈಬಣ್ಣವನ್ನು ತಿಳಿಗೊಳಿಸುವ ಒಂದು ವಂಶಾಣು ರೂಪವು ಯೂರೋಪಿನವರಿಗೂ ದಕ್ಷಿಣ ಏಷ್ಯದವರಿಗೂ ಒಂದೇ ಪೂರ್ವಜ ಮೂಲದಿಂದ ಬಂದಿದೆ. ಮೈಬಣ್ಣವನ್ನು ನಿರ್ಧರಿಸುವ ವಂಶಾಣುಗಳು ಹಲವು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬಳು ಎಣ್ಣೆಗೆಂಪು, ಇನ್ನೊಬ್ಬಳು ಶ್ಯಾಮಲೆಯಾಗುವುದು ಈ ಇಸ್ಪೀಟಿನ ಕಲೆಸುವಿಕೆಯಿಂದ. ಅದರಲ್ಲಿ ಯಾರ ಪುಣ್ಯವೂ ಇಲ್ಲ, ಯಾರ ಪಾಪವೂ ಇಲ್ಲ. ಕರ್ನಾಟಕವೆಂಬ ಹೆಸರನ್ನೇ ಕರಿಯ ಮಣ್ಣಿನ ನಾಡೆಂದು ಅರ್ಥೈಸುವ ವಿದ್ವಾಂಸರಿದ್ದಾರೆ. ರಾಜ್ಯೋತ್ಸವದ ವೇದಿಕೆಯಲ್ಲಿ ಆ ಕರಿಮಣ್ಣನ್ನು ಹೊಗಳಿ ಚಪ್ಪಾಳೆ ಗಿಟ್ಟಿಸುವ ಹಿರಿಯರೇ ಮನೆಗೆ ಮರಳಿದ ಮೇಲೆ ಸೊಸೆ ಬೆಳ್ಳಗಿರಬೇಕೆನ್ನುತ್ತಾರೆ.

ಹೊರನಾಡಿನ ಅನೇಕ ಕನ್ನಡ ಸಂಘಗಳು ವಧೂವರರ ಮಾಹಿತಿ ಕೇಂದ್ರಗಳನ್ನು ನಡೆಸುತ್ತಿವೆ. ಪರಭಾಷೆಯ ಊರಿನಲ್ಲಿ ಅದು ನಿಜವಾದ ಉಪಕಾರವೇ. ಆದರೆ ಅವುಗಳ ಅರ್ಜಿಯಲ್ಲಿ ಎತ್ತರಕ್ಕೂ ಗೋತ್ರಕ್ಕೂ ನಡುವೆ ‘ಮೈಬಣ್ಣ’ ಎಂಬ ಒಂದು ಕಲಮು ಸಾಮಾನ್ಯವಾಗಿ ಇರುತ್ತದೆ. ಹೆತ್ತವರು ಅಲ್ಲಿ ‘ಗೋಧಿ ಬಣ್ಣ’ ಎಂದು ಬರೆಯಲು ತಡವರಿಸುತ್ತಾರೆ. ಕಪ್ಪೆಂದು ಬರೆದವರನ್ನು ಬಹುಶಃ ಯಾರೂ ಕಂಡಿರಲಾರರು. ಪಕ್ಕದಲ್ಲಿ ಕುಳಿತ ಮಗಳು ಅದನ್ನು ನೋಡುತ್ತಾಳೆ. ಸೋದರತ್ತೆಯ ಟ್ಯೂಬಿಗೆ ಬೇಡಿಕೆ ಹುಟ್ಟುವುದು ಆ ಗಳಿಗೆಯಲ್ಲಿ, ಆ ಮೇಜಿನ ಮುಂದೆ. ಆ ಕಲಮನ್ನು ತೆಗೆದುಹಾಕಲು ಸರಕಾರದ ಕಾನೂನು ಬೇಕಾಗಿಲ್ಲ; ಕಾರ್ಯಕಾರಿ ಸಮಿತಿಯ ಒಂದು ಠರಾವು ಸಾಕು, ಅಚ್ಚಿನ ಖರ್ಚೂ ಹೆಚ್ಚುವುದಿಲ್ಲ. ತೆರವಾದ ಜಾಗದಲ್ಲಿ ಏನಾದರೂ ಇರಲೇಬೇಕೆಂದು ಸದಸ್ಯರು ಹಟ ಹಿಡಿದರೆ ರಕ್ತದ ಗುಂಪನ್ನು ಬರೆಸಬಹುದು, ವೈದ್ಯರಿಗಾದರೂ ಉಪಯೋಗಕ್ಕೆ ಬಂದೀತು.