ಕಲಿಸುವುದು ಬೇರೆ, ಕಾವಲು ಕೂರಿಸುವುದು ಬೇರೆ

ಸಮಾಜವಾದಿಗಳು ಇಂಗ್ಲಿಷಿನ ವೈರಿಗಳೆಂಬ ಆರೋಪ ಹಳೆಯದು. 1957ರ ಸುಮಾರಿಗೆ ಡಾ. ಲೋಹಿಯಾ ಹೂಡಿದ 'ಅಂಗ್ರೇಜಿ ಹಟಾವೊ' ಚಳವಳಿಯನ್ನು ಅದಕ್ಕೆ ಸಾಕ್ಷಿಯಾಗಿ ತರುತ್ತಾರೆ. ಬರ್ಲಿನ್ನಿನಲ್ಲಿ ಓದಿ ಡಾಕ್ಟರೇಟ್ ಪಡೆದ, ಇಂಗ್ಲಿಷಿನಲ್ಲೇ ಪುಸ್ತಕಗಳನ್ನು ಬರೆದ ಮನುಷ್ಯನಿಗೆ ಪರಭಾಷೆಯ ಬೆಲೆ ತಿಳಿದಿರಲಿಲ್ಲವೇ? ಕಚೇರಿ, ಕೋರ್ಟು, ಕಾಲೇಜುಗಳಲ್ಲಿ ಇಂಗ್ಲಿಷಿನ ಯಜಮಾನಿಕೆ ಇಳಿಯಬೇಕೆಂದು ಅವರು ಕೇಳಿದರು. ನಾವೂ ಅದನ್ನೇ ಕೇಳುತ್ತೇವೆ. ಅದರ ಜೊತೆಗೇ, ಬಡವರ ಮಕ್ಕಳಿಗೆ ಒಳ್ಳೆಯ ಇಂಗ್ಲಿಷು ಸಿಗಬೇಕೆಂದೂ ಕೇಳುತ್ತೇವೆ. ಇವೆರಡರಲ್ಲಿ ವಿರೋಧ ಕಾಣುವವರು ನಮ್ಮ ತಾಲೂಕುಗಳನ್ನು ಕಂಡವರಲ್ಲ.

ಸುಳ್ಯದ ಹಳ್ಳಿಯ ಮಗುವಿನ ಮನೆಮಾತು ಅರೆಭಾಷೆಯೋ ತುಳುವೋ ಮಲಯಾಳವೋ ಇರುತ್ತದೆ. ಸಿಂಹಳದಿಂದ ಬಂದು ರಬ್ಬರ್ ತೋಟಗಳಲ್ಲಿ ನೆಲೆನಿಂತ ಕಾರ್ಮಿಕರ ಮಕ್ಕಳಿಗೆ ತಮಿಳು. ಕನ್ನಡವೇ ಇವರಿಗೆ ಶಾಲೆಯಲ್ಲಿ ಕಲಿತ ಮಾತು. ಹತ್ತನೆಯ ತರಗತಿಯವರೆಗೆ ಆ ಕನ್ನಡದಲ್ಲಿ ಗಣಿತ, ವಿಜ್ಞಾನ ಬಲ್ಲವನಾಗಿದ್ದ ಹುಡುಗ ಪಿ.ಯು. ವಿಜ್ಞಾನಕ್ಕೆ ಸೇರಿದ ದಿನವೇ ದಡ್ಡನಾಗುತ್ತಾನೆ, ಏಕೆಂದರೆ ಪಾಠ ರಾತ್ರಿ ಬೆಳಗಾಗುವುದರೊಳಗೆ ಇಂಗ್ಲಿಷಿಗೆ ತಿರುಗಿರುತ್ತದೆ. ಬಿ.ಎ.ಯನ್ನು ಕನ್ನಡದಲ್ಲಿ ಮುಗಿಸಿದ ಹುಡುಗಿಗೆ ಇದೇ ಪೆಟ್ಟು ಎಂ.ಎ.ಯಲ್ಲಿ: ಪುಸ್ತಕ ಇಂಗ್ಲಿಷು, ಸೆಮಿನಾರು ಇಂಗ್ಲಿಷು, ಮುಂದೆ ಸಂದರ್ಶನವೂ ಇಂಗ್ಲಿಷು.

ಅಷ್ಟು ವರ್ಷ ಪಠ್ಯದಲ್ಲಿದ್ದ ಇಂಗ್ಲಿಷು ಏನಾಯಿತೆಂದು ಕೇಳಬಹುದು. ಗೈಡಿನಲ್ಲಿತ್ತು, ಬಾಯಿಪಾಠದಲ್ಲಿತ್ತು. ಒಂದು ಪುಟ ಓದಿ ಅದರ ಸಾರ ಬರೆ, ನಿನ್ನೂರಿನ ವಿಷಯಕ್ಕೆ ಒಂದು ವರದಿ ಬರೆ, ಹೇಳಿದ್ದು ಸರಿಯಿಲ್ಲವೆನಿಸಿದರೆ ಎದ್ದು ಪ್ರಶ್ನೆ ಕೇಳು ಎಂದು ಆ ಮಕ್ಕಳಿಗೆ ಯಾರೂ ಹೇಳಲಿಲ್ಲ. ಉನ್ನತ ವಿದ್ಯೆಗೂ ಉದ್ಯೋಗಕ್ಕೂ ಬೇಕಾದ ಇಂಗ್ಲಿಷು ಇಷ್ಟೇ, ಮಹನೀಯರೇ! ನಾಲಿಗೆ ಹೊರಳಿಸಿ ಮಾತನಾಡುವ ಠೀವಿ ಅದರಲ್ಲಿಲ್ಲ.

ಸರಕಾರ ಮಾಡಿದ್ದೇನು? 2007ರಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ತಂದಿತು. 2014ರಲ್ಲಿ ಸುಪ್ರೀಂ ಕೋರ್ಟು ಮಾಧ್ಯಮದ ಆಯ್ಕೆ ಪಾಲಕರದೆಂದಿತು. 2019ರಲ್ಲಿ ಸರಕಾರ ತಾನೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷು ಮಾಧ್ಯಮ ತೆರೆಯಹೊರಟಿತು. ಬೋರ್ಡು ಬದಲಾಯಿತು, ಮಾಸ್ತರರು ಅವರೇ. ಉಳಿದ ಕೊರತೆ ತುಂಬಲು ಪೇಟೆಯ 'ಸ್ಪೋಕನ್ ಇಂಗ್ಲಿಷು' ಅಂಗಡಿಗಳಿವೆ. ಹದಿನೈದು ವರ್ಷದಲ್ಲಿ ಬಾರದ್ದನ್ನು ಮೂರು ತಿಂಗಳಲ್ಲಿ ಕೊಡುತ್ತೇವೆನ್ನುವ ಇವರ ಫೀಸಿಗೆ ತಾಯಿಯ ಅಡಿಕೆ ಸುಲಿದ ಕೂಲಿ ಹೋಗುತ್ತದೆ.

ನಮ್ಮಲ್ಲಿ ಬರೆಯಬಲ್ಲವರಿಲ್ಲವೆಂದಲ್ಲ. ಪುತ್ತೂರಿನ ಬಾಲವನದಲ್ಲಿ ಬಾಳಿದ ಶಿವರಾಮ ಕಾರಂತರು ಇಂಗ್ಲಿಷಿನಲ್ಲಿ ಓದಿ ಅರಗಿಸಿಕೊಂಡದ್ದನ್ನು 'ಬಾಲಪ್ರಪಂಚ', 'ವಿಜ್ಞಾನ ಪ್ರಪಂಚ'ಗಳಾಗಿ ಕನ್ನಡದ ಮಕ್ಕಳ ಕೈಗಿಟ್ಟರು. 1988ರಿಂದ ಪುತ್ತೂರಿನ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತೋಟದ ಅನುಭವವನ್ನು ಅಳೆದು ತೂಗಿ ಬರೆಯುವುದನ್ನು ಅವರು ಕಲಿತರು. ತನ್ನ ಮಾತಿನಲ್ಲಿ ಹೀಗೆ ವಿಷಯ ಕಟ್ಟಬಲ್ಲವನಿಗೆ ಇಂಗ್ಲಿಷಿನ ವರದಿಯನ್ನು ಕಲಿಸುವುದು ಎಷ್ಟು ಹೊತ್ತಿನ ಕೆಲಸ? ತನ್ನ ಮಾತಿನಲ್ಲಿ ಕಟ್ಟಲಾರದವನಿಗೆ ಮೂರನೆಯ ವಯಸ್ಸಿನಿಂದ 'ರೈಮ್ಸ್' ಹೇಳಿಸಿ ಫಲವೇನು?

ಕಾವಲು ತೆಗೆದರೆ ಏನಾಗುತ್ತದೆಂಬುದಕ್ಕೂ ಈ ಜಿಲ್ಲೆಯೇ ಸಾಕ್ಷಿ. 1974ರ ಭೂಸುಧಾರಣೆಯ ನ್ಯಾಯಮಂಡಳಿಗಳಿಗೆ ವಕೀಲರು ಬರುವಂತಿಲ್ಲವೆಂದು ಕಾಯಿದೆ ಹೇಳಿತ್ತು. ಡಿಕ್ಲರೇಶನ್ ಕೊಟ್ಟ ಗೇಣಿ ಒಕ್ಕಲುಗಳು ಧಣಿಗಳ ಎದುರು ನಿಂತು ತಮ್ಮ ಬಾಯಲ್ಲಿ ತಮ್ಮ ಸಂಗತಿ ಹೇಳಿ ಭೂಮಿ ಪಡೆದರು. ಅಂದು ಅವರಿಗೆ ಇಂಗ್ಲಿಷಿನ ಪರೀಕ್ಷೆ ಇಟ್ಟಿದ್ದರೆ ಆ ಗದ್ದೆಗಳು ಯಾರ ಹೆಸರಿನಲ್ಲಿರುತ್ತಿದ್ದವು? ಅದೇ ಒಕ್ಕಲಿನ ಮೊಮ್ಮಗಳು ಇಂದು ಕುಮ್ಕಿಯ ವ್ಯಾಜ್ಯಕ್ಕೆ ಹೈಕೋರ್ಟಿಗೆ ಹೋದರೆ, ತನ್ನ ಜಾಗದ ತೀರ್ಪನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕು.

ಹಾಗಾಗಿ ನಾವು ಸರಕಾರಕ್ಕೆ ಹೇಳುವುದಿದು. ಪಿ.ಯು. ವಿಜ್ಞಾನದ ಪುಸ್ತಕಗಳನ್ನು ಎರಡೂ ಭಾಷೆಯಲ್ಲಿ ಎದುರುಬದುರು ಪುಟಗಳಲ್ಲಿ ಅಚ್ಚುಹಾಕಿ, ಉತ್ತರವನ್ನು ಯಾವುದರಲ್ಲಿ ಬೇಕಾದರೂ ಬರೆಯಗೊಡಲಿ. ಪುತ್ತೂರು, ಸುಳ್ಯ ಮತ್ತು ಇವೆರಡರಿಂದ ಬೇರ್ಪಟ್ಟು ಹೊಸ ತಾಲೂಕಾದ ಕಡಬದ ಸರಕಾರಿ ಕಾಲೇಜುಗಳಲ್ಲಿ ಓದುವ, ಬರೆಯುವ, ವಾದಿಸುವ ಇಂಗ್ಲಿಷನ್ನು ದಿನಕ್ಕೊಂದು ಗಂಟೆ, ಇಪ್ಪತ್ತೈದು ಮಂದಿ ಮೀರದ ತರಗತಿಯಲ್ಲಿ, ಬಿಟ್ಟಿಯಾಗಿ ಕಲಿಸಲಿ. ರಜೆ ಬಂದೊಡನೆ ಸಂಬಳ ನಿಲ್ಲುವ ಅತಿಥಿ ಉಪನ್ಯಾಸಕರ ತಲೆಗೆ ಇದನ್ನು ಕಟ್ಟದೆ, ಖಾಯಂ ಅಧ್ಯಾಪಕರನ್ನು ನೇಮಿಸಲಿ. ಹಣವಿಲ್ಲವೆಂಬ ಉತ್ತರ ಬರುವುದಾದರೆ, ಅದನ್ನು ಕನ್ನಡದಲ್ಲೇ ಬರೆದು ಕಳಿಸಲಿ.