ಬರೇ ಟೆಸ್ಟಿಂಗ್?

ಅಣ್ಣಿಗೇರಿಯ ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾಳೆ. ಅವಳನ್ನು ನೋಡಲು ಬಂದ ಗಂಡಿನ ತಂದೆ, “ಕೋಡಿಂಗ್ ಅಲ್ಲೇನ್ರಿ ಅಕ್ಕಾರ? ಬರೇ ಟೆಸ್ಟಿಂಗ್?” ಎಂದರು. ಅವರು ತಿನ್ನುತ್ತಿದ್ದ ಉಪ್ಪಿಟ್ಟಿನ ರವೆಯನ್ನು ಜರಡಿ ಹಿಡಿದು ಹುಳ ತೆಗೆದವರು ಯಾರೆಂದು ಕೇಳಲಿಲ್ಲ.

ಅವಳ ಕಚೇರಿಯಲ್ಲಿರುವುದು ‘ಅಜೈಲ್’ ಪದ್ಧತಿ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾದಲ್ಲಿ ಕೂಡಿದ 17 ಜನ (ಎಲ್ಲರೂ ಗಂಡಸರೇ ಅನ್ನಿ) ಅದರ ತತ್ವ ಬರೆದರು. ಕೆಲಸವನ್ನು ಎರಡೆರಡು ವಾರದ ತುಂಡು ಮಾಡಿ ಮುಗಿಸುತ್ತ ಹೋಗುವುದು. ಒಳ್ಳೆಯದೇ. ಆದರೆ ಆ ಹತ್ತು ದಿನಗಳಲ್ಲಿ ಒಂಬತ್ತನ್ನು ಬರೆಯುವವನೇ ನುಂಗುತ್ತಾನೆ. ಇವಳಿಗೆ ಉಳಿಯುವುದು ಕೊನೆಯ ರಾತ್ರಿ. “ದೊಡ್ಡವ್ವಾ, ತಪ್ಪು ಸಿಕ್ಕರ ‘ತಡಾ ಮಾಡಿದಿ’ ಅಂತಾರ, ಸಿಗಲಿಲ್ಲಂದ್ರ ‘ಏನ್ ನೋಡಿದಿ’ ಅಂತಾರ.” ಅಡುಗೆಮನೆ ಬಲ್ಲ ನಿಮಗೆ ಇದು ಹೊಸದೇ?

28 ವರ್ಷ ಉತ್ತರಪತ್ರಿಕೆ ತಿದ್ದಿದ್ದೇನೆ. ಬರೆದವನ ಕಣ್ಣಿಗೆ ತನ್ನ ತಪ್ಪು ಕಾಣುವುದಿಲ್ಲ. ಬ್ರಿಟನ್ನಿನ ಅಂಚೆ ಕಚೇರಿಗಳ ‘ಹೊರೈಜನ್’ ತಂತ್ರಾಂಶ ಲೆಕ್ಕ ತಪ್ಪಿ ತೋರಿಸಿದ ಕೊರತೆಗೆ 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನ ಕಳ್ಳರೆನಿಸಿ ಶಿಕ್ಷೆ ಉಂಡರು. 2010ರಲ್ಲಿ ಗರ್ಭಿಣಿಯೊಬ್ಬಳು ಜೈಲಿಗೆ ಹೋದಳು. ಅದು ‘ಬರೇ’ ಆಗಿತ್ತೇ?

ಈ ಸಂಬಂಧ ಬೇಡವೆಂದು ತಂಗಿಗೆ ಹೇಳಲು ಒಳಗೆ ಹೋದೆ. ಹುಡುಗಿ ಆಗಲೇ ಹೇಳಿಯಾಗಿತ್ತು.