ಸೋತವಳೂ ನಾಳೆ ಮೈದಾನಕ್ಕೆ ಬರಲಿ

ಹೋಬಳಿ ಮಟ್ಟದ ಕ್ರೀಡಾಕೂಟದ ದಿನ ರಾಯಚೂರು ಜಿಲ್ಲೆಯ ದೇವದುರ್ಗ ಕಡೆಯ ಯಾವ ಮೈದಾನಕ್ಕೆ ಹೋದರೂ ಕಾಣುವ ನೋಟ ಹೆಚ್ಚುಕಮ್ಮಿ ಒಂದೇ. ಸುಣ್ಣದ ಗೆರೆ ಎಳೆದಿರುತ್ತಾರೆ, ಅರ್ಧ ಗೆರೆಯನ್ನು ಎರೆಮಣ್ಣು ನುಂಗಿರುತ್ತದೆ. ಗೋಡೆಯ ಬದಿಗೆ ಚಪ್ಪಲಿಗಳ ಸಾಲು. ಹುಡುಗಿಯರು ಬರಿಗಾಲಲ್ಲಿ, ಚೂಡಿದಾರದ ವೇಲನ್ನು ಅಡ್ಡ ಹಾಕಿ ಸೊಂಟಕ್ಕೆ ಗಂಟು ಬಿಗಿದುಕೊಂಡು ಸೀಟಿಗೆ ಕಾಯುತ್ತಾರೆ. ಓಟ ಮುಗಿದ ಮೇಲೆ ಮೂವರ ಹೆಸರು ಬರೆದುಕೊಳ್ಳುತ್ತಾರೆ. ಉಳಿದವರು ಬಂದದ್ದೂ ಲೆಕ್ಕಕ್ಕಿಲ್ಲ, ಓಡಿದ್ದೂ ಲೆಕ್ಕಕ್ಕಿಲ್ಲ. ಮರುವರ್ಷ ಅವರಲ್ಲಿ ಹಲವರು ಗೆರೆಯ ಹತ್ತಿರ ಸುಳಿಯುವುದಿಲ್ಲ. ಓಡುವ ಗೆಳತಿಯ ಚಪ್ಪಲಿ ಕಾಯುತ್ತ ಬೇವಿನ ಮರದ ಕೆಳಗೆ ಕೂತಿರುತ್ತಾರೆ.

ನಮ್ಮ ಶಾಲಾ ಕ್ರೀಡೆ ಒಂದು ಜರಡಿ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಸೋಸುತ್ತ ಹೋಗುತ್ತದೆ. ಪದಕ ಬೇಕಾದರೆ ಜರಡಿ ಬೇಕು, ಒಪ್ಪೋಣ. ಆದರೆ ಜರಡಿಯಿಂದ ಕೆಳಗೆ ಬಿದ್ದ ಹುಡುಗಿಯನ್ನು ಏನು ಮಾಡಬೇಕು? ಈ ಪ್ರಶ್ನೆಯನ್ನು ರಾಯಚೂರಿಗಿಂತ ತುರ್ತಾಗಿ ಕೇಳಿಕೊಳ್ಳಬೇಕಾದ ಜಿಲ್ಲೆಗಳು ಕರ್ನಾಟಕದಲ್ಲಿ ಕಡಿಮೆ.

2011ರ ಜನಗಣತಿಯಲ್ಲಿ ಈ ಜಿಲ್ಲೆಯ ಗಂಡಸರ ಸಾಕ್ಷರತೆ ಶೇ 70.47, ಹೆಂಗಸರದ್ದು ಶೇ 48.73. ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. 2018ರಲ್ಲಿ ನೀತಿ ಆಯೋಗ ರಾಯಚೂರನ್ನು ಯಾದಗಿರಿಯ ಜತೆ ‘ಮಹತ್ವಾಕಾಂಕ್ಷೆಯ ಜಿಲ್ಲೆ’ ಎಂದು ಕರೆಯಿತು. ಹೆಸರು ಚೆಂದ. ಆದರೆ ಹುಡುಗಿಯರ ಮಟ್ಟಿಗೆ ಆ ಆಕಾಂಕ್ಷೆ ಮುಗ್ಗರಿಸುವ ಜಾಗ ಯಾವುದೆಂದು ಮೇಷ್ಟ್ರುಗಳಿಗೆಲ್ಲ ಗೊತ್ತು. ಏಳು ಮುಗಿಸಿ ಎಂಟಕ್ಕೆ ಹೋಗುವ ಹೊತ್ತು ಅದು. ಹಿರಿಯ ಪ್ರಾಥಮಿಕ ಶಾಲೆ ಊರಲ್ಲೇ ಇರುತ್ತದೆ, ಪ್ರೌಢಶಾಲೆ ಪಕ್ಕದೂರಲ್ಲಿ. ಹುಡುಗಿ ಮೈನೆರೆಯುವುದೂ ಅದೇ ಹೊತ್ತಿಗೆ. ‘ದೊಡ್ಡಾಕಿ ಆಗ್ಯಾಳ್ರಿ ಸರ, ಇನ್ನ ಓಡೂದು ಚೊಲೊ ಕಾಣಂಗಿಲ್ಲ’ ಎಂಬ ಮಾತು ಕೇಳದ ದೈಹಿಕ ಶಿಕ್ಷಕ ಈ ಕಡೆ ಸಿಗಲಿಕ್ಕಿಲ್ಲ. ಮೊದಲು ಮೈದಾನ ಬಿಡಿಸುತ್ತಾರೆ, ಆಮೇಲೆ ಶಾಲೆ.

‘ಹೊಲದಾಗ ದುಡಿಯೋ ಹುಡುಗಿಗೆ ಮತ್ಯಾಕ ಕಸರತ್ತು’ ಎಂದು ಕೇಳುವವರಿದ್ದಾರೆ. ಮೇಲ್ನೋಟಕ್ಕೆ ಸರಿಯಾದ ಪ್ರಶ್ನೆಯೇ. ಹತ್ತಿ ಬಿಡಿಸುವ ಕಾಲ ಬಂತೆಂದರೆ ದೇವದುರ್ಗ, ಮಾನ್ವಿ ಕಡೆ ಬೆಳಗಾಗುತ್ತಲೇ ಟಂಟಂ, ಕ್ರೂಸರ್‌ಗಳು ಕೂಲಿಯವರನ್ನು ತುಂಬಿಕೊಂಡು ಹೊರಡುತ್ತವೆ. ಅವುಗಳಲ್ಲಿ ಶಾಲೆಯ ಸಮವಸ್ತ್ರ ತೊಟ್ಟ ಮಕ್ಕಳೂ ಇರುತ್ತಾರೆ. ಹತ್ತಿ ಮುಗಿಯುವಷ್ಟರಲ್ಲಿ ಮೆಣಸಿನಕಾಯಿ. ಮೈಗೆ ದಣಿವು ಬೇಕಾದಷ್ಟಿದೆ, ನಿಜ. ಆದರೆ ಹತ್ತಿ ಬಿಡಿಸುವಾಗ ಬೆನ್ನು ಬಾಗಿರುತ್ತದೆ, ಕೊಡ ಹೊತ್ತಾಗ ಕತ್ತು ಅಲುಗುವಂತಿಲ್ಲ. ಎಲ್ಲ ದುಡಿತವೂ ಇನ್ನೊಬ್ಬರ ಗಡಿಯಾರಕ್ಕೆ, ಇನ್ನೊಬ್ಬರ ಲೆಕ್ಕಕ್ಕೆ. ತಲೆ ಎತ್ತಿ, ಕೈ ಬೀಸಿ, ಯಾರ ಅಪ್ಪಣೆಯೂ ಇಲ್ಲದೆ ಹತ್ತು ನಿಮಿಷ ತನಗಾಗಿ ಮಾತ್ರ ಓಡಿದ ಅನುಭವ ಎಷ್ಟು ಹುಡುಗಿಯರಿಗಿದೆ?

ಅಮೆರಿಕದ ಶಾರ್ಲಟ್ ನಗರದಲ್ಲಿ 1996ರಲ್ಲಿ ಮಾಲಿ ಬಾರ್ಕರ್ ಎಂಬಾಕೆ 13 ಹುಡುಗಿಯರನ್ನು ಕಟ್ಟಿಕೊಂಡು ‘ಗರ್ಲ್ಸ್ ಆನ್ ದ ರನ್’ ಶುರುಮಾಡಿದ್ದು ಇದೇ ಅನುಭವವನ್ನು ನಂಬಿ. ಮೂರರಿಂದ ಎಂಟನೇ ತರಗತಿಯವರಿಗೆ ವಾರಕ್ಕೆ ಎರಡು ದಿನ, ಎಂಟು–ಹತ್ತು ವಾರ. ಒಂದಿಷ್ಟು ಓಟ, ಒಂದಿಷ್ಟು ದುಂಡಗೆ ಕೂತು ಮಾತು. ಕೊನೆಯ ದಿನ ಎಲ್ಲರೂ ಸೇರಿ 5 ಕಿ.ಮೀ. ಮುಗಿಸುತ್ತಾರೆ, ನಡೆದು ಮುಗಿಸಿದರೂ ಸರಿ. ಅದನ್ನು ಹಾಗೇ ತಂದು ಮಾನ್ವಿಯಲ್ಲಿ ನೆಡಬೇಕಿಲ್ಲ. ತೆಗೆದುಕೊಳ್ಳಬೇಕಾದ ಮಾತು ಇಷ್ಟೇ: ಕೊನೆಗೆ ಬಂದವಳನ್ನೂ ಲೆಕ್ಕಕ್ಕೆ ಹಿಡಿಯುವ ಓಟ.

ಹುಡುಗಿಯರ ಆತ್ಮವಿಶ್ವಾಸ ಎಂದರೆ ನಮ್ಮ ಸರ್ಕಾರಕ್ಕೆ ಮೊದಲು ನೆನಪಾಗುವುದು ಕರಾಟೆ. ವಸತಿ ಶಾಲೆ, ಹಾಸ್ಟೆಲ್‌ಗಳಲ್ಲಿ ಓಬವ್ವನ ಹೆಸರಿನ ಆತ್ಮರಕ್ಷಣೆ ತರಬೇತಿ ನಡೆದಿದೆ. ಬೇಡವೆನ್ನುವುದಿಲ್ಲ. ಆದರೆ ಅದರ ಒಳಮಾತು, ‘ಹೊರಗೆ ಅಪಾಯವಿದೆ, ನೀನು ಸಿದ್ಧಳಾಗಿರು’ ಎಂಬುದು. ಓಟದ ಒಳಮಾತು ಬೇರೆ: ‘ಹೊರಗೆ ಮೈದಾನವಿದೆ, ಅದು ನಿನ್ನದೂ ಹೌದು.’

ಪದಕದ ಹಿಂದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 1987ರಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರ ಉತ್ತರ ಕನ್ನಡದ ಸಿದ್ದಿ ಬುಡಕಟ್ಟಿನ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಓಟ, ಹರ್ಡಲ್ಸ್‌ನಲ್ಲಿ ಮಿಂಚಿದವರೂ ಇದ್ದರು, ಕೆಲವರಿಗೆ ನೌಕರಿಯೂ ಸಿಕ್ಕಿತು. ಯೋಜನೆ ಮಾತ್ರ 90ರ ದಶಕದ ಆರಂಭದಲ್ಲೇ ನಿಂತುಹೋಯಿತು. ಎಷ್ಟೋ ಮಕ್ಕಳು ಬಂದ ದಾರಿಯಲ್ಲೇ ಕಾಡಿನಂಚಿನ ಊರುಗಳಿಗೆ ಮರಳಿದರು. ಮಗುವನ್ನು ಊರಿನಿಂದ ಕಿತ್ತುಕೊಂಡು ಹೋಗಿ ಓಡಿಸುವುದು ಒಂದು ದಾರಿ. ಅವಳು ತನ್ನ ಊರಲ್ಲೇ ಓಡುವುದನ್ನು ಊರು ನೋಡುವಂತೆ ಮಾಡುವುದು ಇನ್ನೊಂದು. ನನ್ನ ಒಲವು ಎರಡನೆಯದಕ್ಕೆ.

ಆ ದಾರಿ ಹಿಡಿದವರೂ ಇದ್ದಾರೆ. ಜಾರ್ಖಂಡ್‌ನ ರಾಂಚಿ ಬಳಿ 2009ರಲ್ಲಿ ಹುಟ್ಟಿದ ‘ಯುವಾ’ ಸಂಸ್ಥೆ ಹಳ್ಳಿ ಹುಡುಗಿಯರಿಗೆ ಫುಟ್‌ಬಾಲ್ ಕಲಿಸಿ, 2019ರಲ್ಲಿ ಕ್ರೀಡಾಲೋಕದ ಲಾರೆಸ್ ಪ್ರಶಸ್ತಿ ಪಡೆಯಿತು. ಅಲ್ಲಿ ಕಿರಿಯರಿಗೆ ಕಲಿಸುವ ಕೋಚ್‌ಗಳು ಅದೇ ಸಂಸ್ಥೆಯಲ್ಲಿ ಆಡಿ ಬೆಳೆದ ಹುಡುಗಿಯರು.

ರಾಯಚೂರಿನಲ್ಲಿ ಅಂಥ ಕೋಚ್‌ಗಳು ಎಲ್ಲಿಂದ ಬರಬೇಕು? ನಗರದ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಪೊಲೀಸ್ ನೇಮಕಾತಿಗೆ ಮುಂಚೆ ಬೆಳಿಗ್ಗೆ ಹೋಗಿ ನೋಡಿ. ಕಾನ್‌ಸ್ಟೆಬಲ್ ಆಗಬಯಸುವ ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕು. ಅದಕ್ಕಾಗಿ ಟ್ರ್ಯಾಕ್ ಪ್ಯಾಂಟ್ ಹಾಕಿ ಸುತ್ತು ಹೊಡೆಯುವ ಯುವತಿಯರಿಗೆ ‘ಮಂದಿ ಏನಂತಾರ’ ಎಂದು ಕೇಳುವವರು ಕಡಿಮೆ. ಓಡಿದರೆ ನೌಕರಿ ಎಂದಾಗ ಮನೆಯವರೇ ಎಬ್ಬಿಸಿ ಕಳಿಸುತ್ತಾರೆ. ಅಂದರೆ ಊರಿನ ತಕರಾರು ಹುಡುಗಿ ಓಡುವುದಕ್ಕಲ್ಲ, ಸುಮ್ಮನೆ ಓಡುವುದಕ್ಕೆ. ನೇಮಕಾತಿಯಲ್ಲಿ ಆಯ್ಕೆಯಾಗದೆ ಊರಿಗೆ ಮರಳಿದ ಯುವತಿಯರು, ಬಿ.ಪಿ.ಇಡಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವವರು ತಾಲ್ಲೂಕಿನಲ್ಲೇ ಸಿಗುತ್ತಾರೆ. ಅವರಿಗೆ ಗೌರವಧನ ಕೊಟ್ಟು ಮೂರು–ನಾಲ್ಕು ಶಾಲೆಗೆ ಒಬ್ಬರಂತೆ ಹಚ್ಚಬಹುದು. ಮೈದಾನದಲ್ಲಿ ಯಾವಾಗಲೂ ಕೋಚ್ ಜತೆಗೆ ಶಾಲೆಯ ಇನ್ನೊಬ್ಬರು ಹಿರಿಯರು ಇರಬೇಕು, ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು. ಇದರಲ್ಲಿ ರಾಜಿ ಬೇಡ.

ಕಲಿಸುವುದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ. ವಾರ ಕಳೆದಂತೆ ಓಟ ಹೆಚ್ಚಿಸುವುದು. ಪಕ್ಕದವಳ ಜತೆ ಮಾತಾಡುತ್ತ ಓಡುವಷ್ಟೇ ವೇಗ; ಮಾತು ನಿಂತರೆ ವೇಗ ಹೆಚ್ಚಾಯಿತೆಂದು ಅರ್ಥ. ಪ್ರಾರ್ಥನೆಗೆ ಮುಂಚಿನ ಅರ್ಧ ಗಂಟೆ ಸಾಕು. ಮಾರ್ಚ್ ಬಂದರೆ ನಿಲ್ಲಿಸಬೇಕು. 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಲ್ಲಿ ಮಕ್ಕಳನ್ನು ಓಡಿಸುವುದು ಶಿಕ್ಷೆ. ಮುಟ್ಟಾದ ದಿನ ಓಡಲೇಬೇಕೆಂದು ಹಟ ಬೇಡ, ಓಡಲೇಬಾರದೆಂಬ ನಿಷೇಧವೂ ಬೇಡ. ಶಾಲೆಯ ಶೌಚಾಲಯದಲ್ಲಿ ನೀರಿಲ್ಲದಿದ್ದರೆ ಮಾತ್ರ ಉಳಿದ ಮಾತೆಲ್ಲ ದಂಡ.

ಹೊಟ್ಟೆಯ ಮಾತನ್ನೂ ಆಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಉಪವಾಸದ ಹುಡುಗಿಯನ್ನು ಓಡಿಸಿದರೆ ಅವಳು ಕಲಿಯುವುದು ತಲೆ ತಿರುಗುವುದನ್ನು. ಬಿಸಿಯೂಟದಲ್ಲಿ ಮೊಟ್ಟೆ ಕೊಡುವುದು 2021ರ ಡಿಸೆಂಬರ್‌ನಲ್ಲಿ ರಾಯಚೂರೂ ಸೇರಿ ಏಳು ಜಿಲ್ಲೆಗಳಲ್ಲಿ ಮೊದಲಾಗಿ, ಈಗ ರಾಜ್ಯದ ತುಂಬ ಇದೆ. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯೂ ಇದೆ. ಬಹಳ ಮಕ್ಕಳು ಅದನ್ನು ಕಿಟಕಿಯಾಚೆ ಎಸೆಯುತ್ತಾರೆ. ಓಡುವಾಗ ಯಾಕೆ ಬೇಗ ಏದುಸಿರು ಬರುತ್ತದೆ ಎಂದು ತಿಳಿದ ಹುಡುಗಿ ಮಾತ್ರೆ ಎಸೆಯುವ ಮುಂಚೆ ಒಮ್ಮೆ ಯೋಚಿಸಬಹುದು. ಓಟದ ದಿನ ಬೆಳಿಗ್ಗೆ ಒಂದು ಹಿಡಿ ಶೇಂಗಾ, ಬೆಲ್ಲ ಕೊಡಲು ಯಾವ ಸಮಿತಿಯ ವರದಿಯೂ ಬೇಕಿಲ್ಲ.

ಓಟವೊಂದರಿಂದ ಬಾಲ್ಯವಿವಾಹ ನಿಲ್ಲುತ್ತದೆ, ಗುಳೆ ತಪ್ಪುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಸಂಸ್ಥೆಗಳ ಬಣ್ಣದ ಕರಪತ್ರಗಳನ್ನು ಈ ಜಿಲ್ಲೆ ಸಾಕಷ್ಟು ನೋಡಿದೆ. ಆತ್ಮವಿಶ್ವಾಸವನ್ನು ಪ್ರಶ್ನಾವಳಿ ತುಂಬಿಸಿ ಅಳೆಯುವುದೂ ಬೇಡ. ಜೂನ್‌ನಲ್ಲಿ ಎಂಟನೇ ತರಗತಿಯ ಹಾಜರಿ ಪುಸ್ತಕ ತೆರೆದು, ಓಡುತ್ತಿದ್ದ ಹುಡುಗಿಯರಲ್ಲಿ ಎಷ್ಟು ಜನ ಅಲ್ಲಿದ್ದಾರೆ ಎಂದು ಎಣಿಸಿದರೆ ಸಾಕು.

ದುಡ್ಡಿನ ನೆಪ ಹೇಳುವಂತಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. ‘ಅಕ್ಷರ ಆವಿಷ್ಕಾರ’ದ ಹೆಸರಲ್ಲಿ ಮಂಡಳಿ ಶಿಕ್ಷಣಕ್ಕೆ ದೊಡ್ಡ ಪಾಲನ್ನೇ ಎತ್ತಿಟ್ಟಿದೆ. ಕಟ್ಟಡಕ್ಕೆ ಸುರಿಯುವ ಹಣದಲ್ಲಿ ಒಂದು ಚೂರನ್ನು ಈ ಯುವತಿಯರ ಗೌರವಧನಕ್ಕೆ ತಿರುಗಿಸಲಿ. ರಾಯಚೂರು ನಗರ, ದೇವದುರ್ಗ, ಮಾನ್ವಿಯಲ್ಲಿ ತಲಾ ಹತ್ತು ಶಾಲೆ ಆರಿಸಿಕೊಂಡು ನವೆಂಬರ್‌ನಲ್ಲಿ ಶುರುಮಾಡಿದರೆ, ಜನವರಿ 24ರ ರಾಷ್ಟ್ರೀಯ ಹೆಣ್ಣುಮಗುವಿನ ದಿನಕ್ಕೆ ಹತ್ತು ವಾರ ತುಂಬುತ್ತದೆ. ಅಂದು ವೇದಿಕೆ, ಶಾಲು, ಭಾಷಣ ಬೇಡ. ಮಾನ್ವಿಯ ಮುಖ್ಯ ರಸ್ತೆಯನ್ನು ಒಂದು ಗಂಟೆ ವಾಹನಗಳಿಗೆ ಮುಚ್ಚಿ, ಹುಡುಗಿಯರಿಗೆ ಬಿಟ್ಟುಕೊಡಿ. ಕೊನೆಯವಳು ಬರುವವರೆಗೂ ಜಿಲ್ಲಾಧಿಕಾರಿ ಅಲ್ಲೇ ನಿಂತಿರಲಿ.